ಮಡುವಿನ ಮೌನ, ಮೀನಿನ ಲೆಕ್ಕ

(ಹೊಳೆಗಳ ಸಂರಕ್ಷಣೆ ಕುರಿತ ಉಪನ್ಯಾಸದ ಬರಹರೂಪ)



ಗಾಳದ ಹವ್ಯಾಸವುಳ್ಳವನೊಬ್ಬ ಹೊಳೆಯಂಚಿನಲ್ಲಿ ನಡೆದುಹೋಗುವುದನ್ನು ಗಮನಿಸಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ಅವನು ಮೊದಲು ಸಿಕ್ಕ ನೀರಿನ ಬಳಿ ಕೂರುವುದಿಲ್ಲ. ಒಂದು ಗುಂಡಿಯನ್ನು ನೋಡಿ ಮುಂದೆ ಹೋಗುತ್ತಾನೆ. ಮತ್ತೊಂದರ ಬಳಿ ಅರೆಗಳಿಗೆ ನಿಂತು ತಲೆಯಾಡಿಸುತ್ತಾನೆ. ಮೂರನೆಯದರ ದಡದಲ್ಲಿ ಸದ್ದಿಲ್ಲದೆ ಚೀಲವನ್ನು ಇಳಿಸುತ್ತಾನೆ. ಏಕೆಂದು ಕೇಳಿದರೆ ವಿವರವಾದ ಉತ್ತರ ದೊರೆಯುವುದಿಲ್ಲ. ‘ಈ ಮಡುವಿಗೆ ಒಂದು ಕಳೆ ಇದೆ’ ಎಂದಷ್ಟೇ ಹೇಳುತ್ತಾನೆ.

ಈ ‘ಕಳೆ’ ಎಂಬುದು ಏನು? ಅದು ಕೇವಲ ನೋಡುವವನ ಮನಸ್ಸಿನ ಭಾವವೇ, ಅಥವಾ ನೀರಿನಲ್ಲಿಯೇ ಇರುವ ಗುಣವೇ? ಇಂದಿನ ಮಾತು ಈ ಪ್ರಶ್ನೆಯನ್ನು ಕುರಿತದ್ದು. ಗಾಳ ಹಿಡಿಯುವುದು ಸರಿಯೋ ತಪ್ಪೋ ಎಂಬ ವಾದ ಇಲ್ಲಿ ಮುಖ್ಯವಲ್ಲ. ಹೊಳೆಯ ದಡದಲ್ಲಿ ಗಂಟೆಗಟ್ಟಲೆ ಕದಲದೆ ಕೂರುವ ಮನುಷ್ಯನೊಬ್ಬನ ಕಣ್ಣಿಗೆ ನೀರು ಹೇಗೆ ಕಾಣುತ್ತದೆ, ಆ ನೋಟದಿಂದ ಹೊಳೆಯನ್ನು ಉಳಿಸಬಯಸುವವರು ಕಲಿಯಬಹುದಾದುದು ಏನು ಎಂಬುದು ಮುಖ್ಯ. ಮೂಡಿಗೆರೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಗಾಳ ಹಿಡಿದು ನೀರಿನ ದಂಡೆಯಲ್ಲಿ ಕೂರುತ್ತಿದ್ದುದು ಕನ್ನಡದ ಓದುಗರಿಗೆಲ್ಲ ತಿಳಿದ ವಿಷಯ. ಕಾಡನ್ನೂ ನೀರನ್ನೂ ಅವರು ನೋಡಿದ ಬಗೆಯಲ್ಲಿ ಆ ಕೂರುವಿಕೆಯ ಪಾಲು ಸಣ್ಣದೇನಲ್ಲ.

ಕಣ್ಣು ಆರಿಸುವ ನೀರು

ಅನುಭವಿಯಾದ ಗಾಳದವನು ಮೆಚ್ಚುವ ಮಡುವಿನ ಲಕ್ಷಣಗಳನ್ನು ಒಂದೊಂದಾಗಿ ಬಿಡಿಸಿ ನೋಡಬಹುದು. ಮೇಲ್ಗಡೆ ಬಂಡೆಗಳ ನಡುವೆ ನೊರೆಯೆದ್ದು ಹರಿಯುವ ನೀರು. ಅದು ಬಂದು ಬೀಳುವಲ್ಲಿ ಆಳವಾದ, ಕಪ್ಪುಛಾಯೆಯ ಮಡು. ಸೆಳೆತದ ನೀರಿಗೂ ನಿಂತ ನೀರಿಗೂ ನಡುವೆ ಗೆರೆ ಎಳೆದಂತೆ ಕಾಣುವ ಅಂಚು. ದಡದಿಂದ ಬಾಗಿ ನಿಂತ ಅತ್ತಿ, ನೇರಳೆ, ಹೊಳೆಮತ್ತಿಯ ಮರಗಳು. ಕೆಳಗಡೆ ತಿಳಿನೀರಿನಲ್ಲಿ ಕಾಣುವ ಜಲ್ಲಿಹಾಸು. ಇವೆಲ್ಲವೂ ಕೂಡಿದಾಗ ನೋಡುವವನ ಮನಸ್ಸು ಒಮ್ಮೆಲೇ ಶಾಂತವಾಗುತ್ತದೆ. ಅವನು ಅದನ್ನು ಸೌಂದರ್ಯವೆಂದು ಕರೆಯುತ್ತಾನೆ. ಮೀನಿನ ದೃಷ್ಟಿಯಿಂದ ಅದು ಮನೆ, ಊಟ ಮತ್ತು ಉಸಿರು.

ಬಂಡೆಗಳ ಮೇಲೆ ಒಡೆದು ಹರಿಯುವ ನೀರು ಗಾಳಿಯೊಡನೆ ಬೆರೆತು ಆಮ್ಲಜನಕವನ್ನು ತುಂಬಿಕೊಳ್ಳುತ್ತದೆ. ತಂಪಾದ ನೀರು ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡರೆ, 30 ಡಿಗ್ರಿಯಲ್ಲಿ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. ದಡದ ಮರಗಳ ನೆರಳು ಬೇಸಿಗೆಯಲ್ಲಿ ನೀರು ಕಾಯದಂತೆ ತಡೆಯುತ್ತದೆ. ಆದುದರಿಂದ ಮರವೊಂದು ಉರುಳಿದರೆ ದಡದ ಚೆಲುವು ಹೋಗುವುದರ ಜೊತೆಗೆ ಮೀನಿನ ಉಸಿರಿನ ಪಾಲೂ ಅಷ್ಟು ಕಡಿಮೆಯಾಗುತ್ತದೆ.

ಅದೇ ಮರ ಊಟವನ್ನೂ ನೀಡುತ್ತದೆ. ಅತ್ತಿಯ ಹಣ್ಣು ‘ಪಳ್’ ಎಂದು ನೀರಿಗೆ ಬಿದ್ದ ಸದ್ದಿಗೆ ಮೀನುಗಳು ಮೇಲೇಳುವುದನ್ನು ಹೊಳೆದಂಡೆಯ ಮಕ್ಕಳೆಲ್ಲ ಕಂಡಿರುತ್ತಾರೆ. ಮಹಶೀರ್ ಜಾತಿಯ ಮೀನುಗಳು ಹಣ್ಣು, ಏಡಿ, ಹುಳು, ಸಣ್ಣ ಮೀನು ಎಲ್ಲವನ್ನೂ ತಿನ್ನುತ್ತವೆ. ಎಲೆ ಉದುರಿ ಕೊಳೆತು ಹುಳುಗಳಿಗೆ ಆಹಾರವಾಗುತ್ತದೆ. ಬೇರುಗಳ ಸಂದಿಯಲ್ಲಿ ಮರಿಗಳು ಅಡಗುತ್ತವೆ. ಸೆಳೆತ ಮತ್ತು ನಿಂತ ನೀರು ಕೂಡುವ ಆ ಅಂಚಿನಲ್ಲಿ ಮೀನು ಹೆಚ್ಚು ಶ್ರಮಪಡದೆ ನಿಂತು, ಸೆಳೆತ ಹೊತ್ತು ತರುವ ಆಹಾರವನ್ನು ಕಾಯುತ್ತದೆ. ಗಾಳದವನ ಕಣ್ಣು ಅಲ್ಲಿಯೇ ನೆಡುತ್ತದೆ. ಅವನು ಇದನ್ನು ಪುಸ್ತಕದಿಂದ ಕಲಿತವನಲ್ಲ, ನೋಡಿ ನೋಡಿ ಕಲಿತವನು.

ಹೀಗೆ, ನೀರಿನ ಕಳೆಯೆಂಬುದು ಹೊಳೆ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿರುವುದರ ಹೊರಚಿಹ್ನೆ. ಆರೋಗ್ಯವಂತನ ಮುಖದಲ್ಲಿ ಕಳೆ ಇರುವಂತೆಯೇ ಇದು.

ಮೌನಕ್ಕೆ ಕಾರಣ

ಗಾಳದ ನೀರಿನ ಎರಡನೆಯ ಗುಣ ಮೌನ. ಅಲ್ಲಿ ಮಾತು ತಾನಾಗಿಯೇ ಪಿಸುಮಾತಾಗುತ್ತದೆ. ಇದಕ್ಕೂ ಕಾರಣವುಂಟು. ಮೀನಿನ ಎರಡೂ ಪಕ್ಕಗಳಲ್ಲಿ ತಲೆಯಿಂದ ಬಾಲದವರೆಗೆ ಒಂದು ಗೆರೆಯಿದೆ. ನೀರಿನಲ್ಲುಂಟಾಗುವ ಅತಿ ಸಣ್ಣ ಅಲುಗಾಟವನ್ನೂ ಅದು ಈ ಗೆರೆಯ ಮೂಲಕ ಗ್ರಹಿಸುತ್ತದೆ. ಮನುಷ್ಯನ ಮಾತಿನ ಸದ್ದು ಬಹುಪಾಲು ನೀರಿನ ಮೇಲ್ಮೈಯಿಂದಲೇ ಹಿಂದಿರುಗಿಬಿಡುತ್ತದೆ. ಆದರೆ ದಡದ ಕಲ್ಲಿನ ಮೇಲೆ ಧಪ್ಪನೆ ಇಟ್ಟ ಹೆಜ್ಜೆ ನೆಲದ ಮೂಲಕ ನೀರಿಗೆ ಇಳಿಯುತ್ತದೆ. ಮಾತಿಗಿಂತ ಹೆಜ್ಜೆಯ ಬಗ್ಗೆ ಎಚ್ಚರವಾಗಿರಬೇಕೆಂಬ ಹಿರಿಯರ ಬುದ್ಧಿಮಾತಿನಲ್ಲಿ ಸತ್ಯವಿದೆ.

ನೋಟದ ವಿಷಯವೂ ಹಾಗೆಯೇ. ನೀರಿನೊಳಗಿರುವ ಮೀನಿಗೆ ಮೇಲಿನ ಲೋಕವೆಲ್ಲವೂ ತಲೆಯ ಮೇಲಿನ ಒಂದು ದುಂಡು ಕಿಂಡಿಯಲ್ಲಿ ಕಾಣುತ್ತದೆ. ಬೆಳಕು ನೀರನ್ನು ಹೊಕ್ಕಾಗ ಬಾಗುವುದರಿಂದ ಸುಮಾರು 97 ಡಿಗ್ರಿ ಅಗಲದ ಆ ಕಿಂಡಿಯೊಳಗೆ ಇಡೀ ಆಕಾಶವೂ ದಡವೂ ಅಡಕವಾಗಿರುತ್ತವೆ. ನಿಂತವನ ನೆರಳು, ಬೀಸಿದ ಕೋಲು ಅದಕ್ಕೆ ಬೇಗ ಕಾಣುತ್ತದೆ. ದೂರದಲ್ಲಿ ತಗ್ಗಿ ಕೂತವನು ಕಿಂಡಿಯ ಅಂಚಿನಲ್ಲಿ ಮಸುಕಾಗಿಬಿಡುತ್ತಾನೆ. ಹೀಗೆ ಮೀನು ಹಿಡಿಯಬಂದವನು ತನ್ನನ್ನು ಮರೆಮಾಡಿಕೊಳ್ಳುವುದನ್ನು ಕಲಿಯುತ್ತಾನೆ. ಅವನು ಮರೆಯಾದಂತೆ ಉಳಿದ ಜೀವಿಗಳು ಹೊರಬರುತ್ತವೆ. ಮಿಂಚುಳ್ಳಿ ಎದುರಿನ ಕೊಂಬೆಗೆ ಬಂದು ಕೂರುತ್ತದೆ. ನೀರುನಾಯಿಯ ತಲೆ ಮಡುವಿನ ಆಚೆ ಬದಿಯಲ್ಲಿ ಮೇಲೇಳುತ್ತದೆ. ಕೊರವ ಮೀನು ತನ್ನ ಮರಿಗಳ ಹಿಂಡಿನ ಕೆಳಗೆ ಕಾವಲು ತಿರುಗುವುದು ಕಾಣುತ್ತದೆ. ಗಾಳಕ್ಕೆ ಏನೂ ಸಿಗದ ದಿನವೂ ಮನುಷ್ಯನು ಸಂತೋಷದಿಂದ ಮನೆಗೆ ಹಿಂದಿರುಗುವುದು ಇದರಿಂದಲೇ.

ಕಾಣದ ಆಳ

ಮೂರನೆಯ ಗುಣ ನಿಗೂಢತೆ. ಕೆಳಗೆ ಏನಿದೆಯೆಂದು ತಿಳಿಯದಿರುವುದೇ ಗಾಳದವನನ್ನು ಕಟ್ಟಿಹಾಕುವ ಶಕ್ತಿ. ಇದಕ್ಕೆ ನೀರು ವಿಶಾಲವಾಗಿರಬೇಕೆಂದೇನೂ ಇಲ್ಲ. ಇಂಗ್ಲೆಂಡಿನ ಹೆರಿಫರ್ಡ್‌ಷೈರ್‌ನಲ್ಲಿರುವ ರೆಡ್‌ಮೈರ್ ಎಂಬ ಕೊಳ ಸುಮಾರು ಮೂರು ಎಕರೆಯಷ್ಟೇ ಇದೆ; ಮಲೆನಾಡಿನ ಒಂದು ಸಾಧಾರಣ ಕೆರೆಗಿಂತಲೂ ಚಿಕ್ಕದು. 1952ರ ಸೆಪ್ಟೆಂಬರ್‌ನಲ್ಲಿ ರಿಚರ್ಡ್ ವಾಕರ್ ಎಂಬವರು ಅಲ್ಲಿ 44 ಪೌಂಡ್ ತೂಕದ ಗೆಂಡೆ ಜಾತಿಯ ಮೀನನ್ನು ಹಿಡಿದರು. ಅದನ್ನು ಲಂಡನ್ನಿನ ಮೃಗಾಲಯಕ್ಕೆ ಕೊಡಲಾಯಿತು. 1971ರವರೆಗೆ ಅದು ಅಲ್ಲಿ ಬದುಕಿತ್ತು. ಅಂದಿನಿಂದ ಆ ಪುಟ್ಟ ಕೊಳ ಅಲ್ಲಿನ ಗಾಳಪ್ರಿಯರಿಗೆ ತೀರ್ಥಕ್ಷೇತ್ರದಂತಾಯಿತು. ಮರಗಳು ಸುತ್ತುವರಿದ, ಕಳೆಗಿಡ ತುಂಬಿದ ಆ ನೀರಿನಲ್ಲಿ ಇನ್ನೂ ದೊಡ್ಡದು ಇರಬಹುದೆಂಬ ಭಾವನೆಯೇ ಅವರನ್ನು ರಾತ್ರಿಯಿಡೀ ಎಚ್ಚರವಾಗಿ ಕೂರಿಸುತ್ತಿತ್ತು.

ಕರ್ನಾಟಕದ ನೀರಿನಲ್ಲಿ ಇದಕ್ಕಿಂತ ದೊಡ್ಡ ಕಥೆಗಳಿವೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿ ನದಿಯಲ್ಲಿ 120 ಪೌಂಡ್, ಎಂದರೆ ಸುಮಾರು 54 ಕಿಲೋ ತೂಕದ ಮಹಶೀರನ್ನು ಗಾಳದಲ್ಲಿ ಹಿಡಿದರು. ಒಬ್ಬ ವಯಸ್ಕ ಮನುಷ್ಯನಷ್ಟು ಭಾರದ ಮೀನು. ಅಂತಹ ಜೀವಿಯೊಂದು ಕೆಳಗೆ ಇರಬಹುದು ಎಂಬ ತಿಳಿವಳಿಕೆಯಿಂದಲೇ ಮಡುವಿನ ಬಣ್ಣ ಬದಲಾಗಿಬಿಡುತ್ತದೆ. ದೊಡ್ಡ ಮೀನಿಗೆ ದೊಡ್ಡ ವಯಸ್ಸು ಬೇಕು. ದೊಡ್ಡ ವಯಸ್ಸಿಗೆ ಬೇಸಿಗೆಯಲ್ಲಿಯೂ ಬತ್ತದ ಆಳ ಬೇಕು. ಹಲವು ವರ್ಷಗಳ ಕಾಲ ಯಾರೂ ಕೆಡಿಸದ ನೀರು ಬೇಕು. ಆಳವಾದ ಮಡುವಿನ ಮುಂದೆ ನಿಂತಾಗ ಉಂಟಾಗುವ ಗೌರವಭಾವ ಆ ದೀರ್ಘಕಾಲಕ್ಕೆ ಸಲ್ಲುವ ಗೌರವವೇ ಆಗಿದೆ.

ಹೆಸರುಳ್ಳ ನೀರು

ಮಲೆನಾಡಿನಲ್ಲಿ ಹೊಳೆಗೆ ಒಂದು ಹೆಸರಾದರೆ ಅದರ ಮಡುಗಳಿಗೆ ಹತ್ತು ಹೆಸರು. ಯಾವ ಮಡುವಿನಲ್ಲಿ ಎಮ್ಮೆ ಮೀಯಿಸಬಹುದು, ಯಾವುದರಲ್ಲಿ ಸುಳಿ ಇದೆ, ಯಾವುದು ಮಾರ್ಚಿಯಲ್ಲಿಯೂ ಬತ್ತುವುದಿಲ್ಲ ಎಂಬುದೆಲ್ಲ ಆ ಹೆಸರುಗಳೊಳಗೆ ಸೇರಿಕೊಂಡಿರುತ್ತದೆ. ಮುಂಗಾರಿನ ಮೊದಲ ನೆರೆಗೆ ಮೀನುಗಳು ಮೊಟ್ಟೆಯಿಡಲು ಹಳ್ಳ, ಗದ್ದೆಗಳತ್ತ ಏರುವ ‘ಹತ್ತುಮೀನಿ’ನ ಕಾಲ, ಬಿದಿರಿನ ಕೂಣಿ ಇಡುವ ಕಂಡಿ ಇವೆಲ್ಲವೂ ಅದೇ ತಿಳಿವಳಿಕೆಯ ಭಾಗ. ಹೆಸರಿಲ್ಲದ ನೀರಿಗೆ ಕಳೆ ಬರುವುದು ಕಷ್ಟ. ಹೆಸರು ಮರೆತುಹೋದ ನೀರನ್ನು ಕಾಯುವವರೂ ಕಡಿಮೆ.

ಕೆಲವು ಕಡೆ ಜನರು ಮಡುವನ್ನು ದೇವರಿಗೆ ಬಿಟ್ಟುಕೊಟ್ಟಿದ್ದಾರೆ. ಶೃಂಗೇರಿಯಲ್ಲಿ ತುಂಗೆಯ ದಡದ ಮೆಟ್ಟಿಲುಗಳ ಬಳಿ, ತೀರ್ಥಹಳ್ಳಿ ತಾಲ್ಲೂಕಿನ ಚಿಬ್ಬಲಗುಡ್ಡೆಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ, ಕಾವೇರಿಯ ರಾಮನಾಥಪುರದಲ್ಲಿ ದೇವರ ಮೀನುಗಳಿಗೆ ಯಾರೂ ಗಾಳ ಹಾಕುವುದಿಲ್ಲ. ಗಾಳದವನು ಕನಸಿನಲ್ಲಿ ಕಾಣುವ ಗಾತ್ರದ ಮೀನುಗಳು ಅಲ್ಲಿ ಅಕ್ಕಿ, ಮಂಡಕ್ಕಿಗಾಗಿ ಕಾಲಬುಡಕ್ಕೆ ಬರುತ್ತವೆ. ಆದರೆ ನಂಬಿಕೆಯೊಂದೇ ಸಾಕಾಗದು ಎಂಬುದಕ್ಕೂ ಶಿಶಿಲವೇ ಸಾಕ್ಷಿ. 1996ರಲ್ಲಿ ಯಾರೋ ಅಲ್ಲಿನ ನೀರಿಗೆ ವಿಷ ಹಾಕಿದರು. ದೇವರ ಮೀನುಗಳು ರಾಶಿರಾಶಿಯಾಗಿ ಸತ್ತವು. ಊರವರು ಅವುಗಳ ನೆನಪಿಗೆ ಸ್ಮಾರಕವೊಂದನ್ನು ಕಟ್ಟಿದರು. ಮೀನಿಗಾಗಿ ದುಃಖಿಸಿ ಕಲ್ಲು ನೆಟ್ಟ ಊರು ಮಲೆನಾಡಿನ ಮಗ್ಗುಲಲ್ಲಿಯೇ ಇದೆ ಎಂಬುದು ವಿದ್ಯಾರ್ಥಿಗಳು ತಿಳಿದಿರಬೇಕಾದ ಸಂಗತಿ.

ಕಾವೇರಿ ಕಲಿಸಿದ ಪಾಠ

ಈವರೆಗೆ ಹೇಳಿದ್ದನ್ನು ಕೇಳಿದವರಿಗೆ, ಮಡುವಿನ ಕಳೆಯನ್ನು ಉಳಿಸಿದರೆ ಎಲ್ಲವೂ ಉಳಿದಂತೆ ಎಂದು ತೋರಬಹುದು. ಹಾಗಲ್ಲ ಎಂಬುದನ್ನು ಕಾವೇರಿಯ ಉದಾಹರಣೆ ತಿಳಿಸುತ್ತದೆ.

ಶಿವನಸಮುದ್ರದ ಜಲಪಾತದಿಂದ ಕೆಳಗೆ ಮೇಕೆದಾಟುವಿನವರೆಗೆ ಕಾವೇರಿ ಕಾಡಿನ ನಡುವೆ ಬಂಡೆ, ಸೆಳೆತ, ಮಡುಗಳ ಸರಮಾಲೆಯಾಗಿ ಹರಿಯುತ್ತದೆ. 1978ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಪ್ರಿಯರು ಅಲ್ಲಿ ಭಾರಿ ಮಹಶೀರ್‌ಗಳನ್ನು ಹಿಡಿದ ಸುದ್ದಿ ಹರಡಿದ ಮೇಲೆ ಆ ನೀರು ಲೋಕಪ್ರಸಿದ್ಧವಾಯಿತು. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳು ಏರ್ಪಟ್ಟವು. ಹರಿಗೋಲಿನಲ್ಲಿ ಹೋಗಿ, ಬೇಯಿಸಿದ ರಾಗಿಹಿಟ್ಟಿನ ಉಂಡೆಯನ್ನು ಗಾಳಕ್ಕೆ ಹಚ್ಚಿ, ಹಿಡಿದ ಮೀನನ್ನು ತೂಗಿ, ಜೀವಂತವಾಗಿ ನೀರಿಗೆ ಬಿಡುವುದು ಅಲ್ಲಿನ ನಿಯಮವಾಗಿತ್ತು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಸ್ಥಳೀಯರಲ್ಲಿ ಹಲವರಿಗೆ ಕಾವಲುಗಾರರಾಗಿ, ಮಾರ್ಗದರ್ಶಕರಾಗಿ ಕೆಲಸ ದೊರೆಯಿತು. ಕಾವಲಿದ್ದ ಕಡೆ ಸಿಡಿಮದ್ದಿನ ಸದ್ದು ಕಡಿಮೆಯಾಯಿತು. ಗಾಳದವರ ಪ್ರೀತಿ ಹೊಳೆಗೆ ಕಾವಲಾದುದು ನಿಜ.

ಆದರೆ ಅದೇ ಕಾಲದಲ್ಲಿ ಇನ್ನೊಂದು ಬದಲಾವಣೆ ನೀರಿನೊಳಗೆ ನಡೆಯುತ್ತಿತ್ತು. ಮಹಾರಾಷ್ಟ್ರದ ಲೋಣಾವಳದಲ್ಲಿ 1970ರ ದಶಕದಿಂದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬೆಳೆಸಿ ದೇಶದ ಅನೇಕ ನೀರುಗಳಿಗೆ ಹಂಚಲಾಗುತ್ತಿತ್ತು. ಅವನ್ನು ಕಾವೇರಿಗೂ ಬಿಡಲಾಯಿತು. ಉದ್ದೇಶ ಒಳ್ಳೆಯದೇ: ಮೀನು ಕಡಿಮೆಯಾಗಿದೆ, ಹೆಚ್ಚಿಸೋಣ. ಆದರೆ ಕೃಷ್ಣಾ ಕಣಿವೆಯಲ್ಲಿ ಮನೆಯವನಾದ ಆ ಮೀನು ಕಾವೇರಿಯಲ್ಲಿ ಹೊರಗಿನವನು. ಕಾವೇರಿಗೆ ತನ್ನದೇ ಆದ, ಬೇರೆಲ್ಲೂ ಇಲ್ಲದ ಗೂನುಬೆನ್ನಿನ ಮಹಶೀರ್ ಇತ್ತು. ದೊಡ್ಡ ತೂಕದ ದಾಖಲೆಗಳ ಹಿಂದಿದ್ದುದು ಅದೇ ಮೀನು.

ಗಾಳಿಬೋರೆಯಲ್ಲಿ ಹಿಡಿದ ಪ್ರತಿ ಮೀನಿನ ತೂಕವನ್ನು ಬರೆದಿಡುವ ಪದ್ಧತಿಯಿತ್ತು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. 6,000ಕ್ಕೂ ಹೆಚ್ಚು ಮೀನುಗಳ ಲೆಕ್ಕ ಅಲ್ಲಿತ್ತು. ಸಿಗುವ ಮೀನುಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಮೇಲ್ನೋಟಕ್ಕೆ ಸಂತೋಷದ ಸುದ್ದಿ. ಆದರೆ ಹೆಚ್ಚಿದ್ದುದು ನೀಲಿ ರೆಕ್ಕೆಯ ಮೀನು. ಗೂನುಬೆನ್ನಿನ ಮೀನು ಕುಸಿಯುತ್ತಾ ಹೋಗಿ, ಎಳೆಯ ಮೀನುಗಳು ಕಾಣದಂತಾಗಿ, ಕೊನೆಗೆ ಅಪರೂಪವಾಗಿತ್ತು. ಅಷ್ಟು ಪ್ರಸಿದ್ಧವಾದ ಮೀನಿಗೆ ಅಲ್ಲಿಯವರೆಗೆ ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. 2018ರಲ್ಲಿ ಅದು ‘ಟೋರ್ ರೆಮಾದೇವಿ’ ಎಂದು ತೀರ್ಮಾನವಾಯಿತು. ಅದೇ ವರ್ಷ ಅದು ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹೆಸರು ಮತ್ತು ಅಪಾಯದ ಚೀಟಿ ಒಟ್ಟಿಗೇ ಬಂದವು.

ಆ ವರ್ಷಗಳುದ್ದಕ್ಕೂ ಮಡುವಿನ ಕಳೆ ಹಾಗೆಯೇ ಇತ್ತು. ಅದೇ ಬಂಡೆ, ಅದೇ ಹೊಳೆಮತ್ತಿ, ಅದೇ ನೀರುನಾಯಿ. ದಡದಲ್ಲಿ ಕೂತವನಿಗೆ ಯಾವ ಕೊರತೆಯೂ ಕಾಣಲಿಲ್ಲ. ಕಾಣಿಸಿದ್ದು ಲೆಕ್ಕದ ಪುಸ್ತಕದಲ್ಲಿ. 2012ರ ವೇಳೆಗೆ ವನ್ಯಜೀವಿ ಸಂರಕ್ಷಣಾ ಕಾನೂನಿನ ಕಾರಣ ಧಾಮದೊಳಗೆ ಗಾಳ ಹಾಕುವುದು ನಿಂತಿತು. ಗಾಳದೊಡನೆ ಆ ಲೆಕ್ಕವೂ ನಿಂತಿತು. ಮೇಕೆದಾಟುವಿನಲ್ಲಿ ಜಲಾಶಯ ಕಟ್ಟುವ ಪ್ರಸ್ತಾವವೂ ಈ ನೀರಿನ ಮುಂದಿದೆ. ಹರಿಯುವ ನೀರು ನಿಂತ ನೀರಾದರೆ ಸೆಳೆತಕ್ಕೆ ಒಗ್ಗಿದ ಮೀನಿನ ಗತಿಯೇನೆಂಬ ಪ್ರಶ್ನೆಗೆ ಉತ್ತರ ಬೇಕಾದರೆ ಮೊದಲು ಅಲ್ಲಿ ಎಷ್ಟು ಮೀನುಗಳಿವೆಯೆಂದು ತಿಳಿದಿರಬೇಕು.

ಕಳೆ ಕೆಡುವ ಬಗೆ

ಮಲೆನಾಡಿನ ಹೊಳೆಗಳಿಗೆ ಬಂದಿರುವ ಕಷ್ಟಗಳು ಸಭಿಕರಿಗೆ ತಿಳಿಯದವಲ್ಲ. ಅವುಗಳನ್ನು ಮಡುವಿನ ಲಕ್ಷಣಗಳ ಪಕ್ಕದಲ್ಲಿಟ್ಟು ನೋಡಿದರೆ ಅರ್ಥ ಸ್ಪಷ್ಟವಾಗುತ್ತದೆ. ಮರಳು ಮತ್ತು ಜಲ್ಲಿ ಎತ್ತಿದರೆ ಮೊಟ್ಟೆಯಿಡುವ ಹಾಸು ಹೋಗುತ್ತದೆ. ದಡದ ಮರ ಕಡಿದು ತೋಟವನ್ನು ನೀರಿನಂಚಿಗೆ ತಂದರೆ ನೆರಳೂ ಹಣ್ಣೂ ಹೋಗುತ್ತವೆ. ಗುಡ್ಡ ಅಗೆದ ಮಣ್ಣು ಮಳೆಯಲ್ಲಿ ಇಳಿದುಬಂದರೆ ಕಲ್ಲುಗಳ ಸಂದಿ ಮುಚ್ಚಿ, ಅಲ್ಲಿನ ಹುಳುಗಳೂ ಮೊಟ್ಟೆಗಳೂ ಉಸಿರುಕಟ್ಟಿ ಸಾಯುತ್ತವೆ. ಕುದುರೆಮುಖದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಲ್ಲುವವರೆಗೆ ಭದ್ರೆ ಹೊತ್ತ ಕೆಂಪು ಹೂಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಳ್ಳಕ್ಕೆ ಅಡ್ಡಗಟ್ಟಿದರೆ ಮೇಲೇರುವ ಮೀನಿನ ದಾರಿ ಮುಚ್ಚುತ್ತದೆ.

ಇವೆಲ್ಲಕ್ಕಿಂತ ಬೇಗ ಕೊಲ್ಲುವುದು ತೋಟೆ ಮತ್ತು ವಿಷ. ಒಂದು ತೋಟೆ ಸಿಡಿದರೆ ಬೇಕಾದ ಮೀನಿನೊಡನೆ ಮರಿ, ಏಡಿ, ಹುಳು ಎಲ್ಲವೂ ಸಾಯುತ್ತವೆ. ಬಹುಪಾಲು ಕೈಗೂ ಸಿಗದೆ ತಳದಲ್ಲಿ ಕೊಳೆಯುತ್ತದೆ. ಕೀಟನಾಶಕ, ಬ್ಲೀಚಿಂಗ್ ಪುಡಿ ಕೆಳಗಿನ ಊರಿನ ಕುಡಿಯುವ ನೀರಿಗೂ ಹೋಗುತ್ತವೆ. ಇದು 1897ರ ಮೀನುಗಾರಿಕಾ ಕಾನೂನಿನಿಂದಲೂ ಅಪರಾಧವೆಂದು ಘೋಷಿತವಾಗಿದೆ. ಕಾನೂನು ನೂರು ವರ್ಷಕ್ಕಿಂತ ಹಳೆಯದು, ಕೊರತೆಯಿರುವುದು ಕಾಯುವವರದು.

ಪ್ರತಿ ಮಡುವಿಗೆ ಒಂದು ಪುಸ್ತಕ

ಮಾಡಬೇಕಾದ ಕೆಲಸ ದೊಡ್ಡದೇನಲ್ಲ; ಆದರೆ ಬಿಡದೆ ಮಾಡಬೇಕು. ಪ್ರತಿಯೊಂದು ಶಾಲೆ, ಪ್ರತಿಯೊಂದು ಯುವಕ ಸಂಘ ತನ್ನ ಊರಿನ ಒಂದು ಮಡುವನ್ನು ಆರಿಸಿಕೊಳ್ಳಲಿ. ಅದರ ಹೆಸರನ್ನೂ ಹೆಸರಿನ ಕಾರಣವನ್ನೂ ಹಿರಿಯರಿಂದ ಕೇಳಿ ಬರೆಯಲಿ. ಹಗ್ಗಕ್ಕೆ ಕಲ್ಲು ಕಟ್ಟಿ ಆಳವನ್ನು ತಿಂಗಳಿಗೊಮ್ಮೆ ಅಳೆಯಲಿ. ಸಾಧಾರಣ ಉಷ್ಣಮಾಪಕದಿಂದ ನೀರಿನ ಬಿಸಿಯನ್ನು ಗುರುತಿಸಲಿ. ದಡದ ಮರಗಳನ್ನು ಎಣಿಸಲಿ. ಮೊದಲ ಮಳೆಗೆ ಮೀನು ಏರಿದ ದಿನವನ್ನು ದಾಖಲಿಸಲಿ. ಗಾಳ ಹಾಕುವವರು, ಕೂಣಿ ಇಡುವವರು ತಮಗೆ ಸಿಕ್ಕ ಮೀನಿನ ಊರಹೆಸರು, ಉದ್ದ, ದಿನಾಂಕವನ್ನು ಆ ಪುಸ್ತಕಕ್ಕೆ ಹೇಳಲಿ. ಕಾನೂನು ಗಾಳವನ್ನು ಒಪ್ಪದ ಕಡೆ ದಡದಲ್ಲಿ ಕೂತು ಕಂಡದ್ದನ್ನಷ್ಟೇ ಬರೆಯಲಿ.

ಗಾಳದವರಿಗೂ ಕೆಲವು ಮಾತುಗಳಿವೆ. ಮೊಟ್ಟೆಯ ಕಾಲದಲ್ಲಿ ಗಾಳವನ್ನು ಮನೆಯಲ್ಲಿಡುವುದು. ಬಿಡಬೇಕಾದ ಮೀನನ್ನು ಒದ್ದೆ ಕೈಯಿಂದಲೇ ಮುಟ್ಟುವುದು, ಒಣ ಕೈ ಅದರ ಮೈಯ ಲೋಳೆಯನ್ನು ಕಿತ್ತುಹಾಕುತ್ತದೆ. ತುಂಡಾದ ತಂಗೂಸಿಯನ್ನು ದಡದಲ್ಲಿ ಬಿಡದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಪುಣ್ಯದ ಹೆಸರಿನಲ್ಲಾಗಲಿ ಲಾಭದ ಹೆಸರಿನಲ್ಲಾಗಲಿ, ಎಲ್ಲಿಂದಲೋ ತಂದ ಮರಿಗಳನ್ನು ಹೊಳೆಗೆ ಸುರಿಯದಿರುವುದು. ಜಿಲೇಬಿ ಮೀನು, ಆಫ್ರಿಕದ ಮುಗುಡು ಮುಂತಾದವು ಒಮ್ಮೆ ಹೊಳೆ ಸೇರಿದರೆ ಹಿಂದಕ್ಕೆ ಕರೆಯಲಾಗದು. ಕಾವೇರಿಯಲ್ಲಿ ಒಳ್ಳೆಯ ಮನಸ್ಸಿನಿಂದಲೇ ತಪ್ಪು ಮೀನನ್ನು ಬಿಡಲಾಯಿತು ಎಂಬುದನ್ನು ಮರೆಯದಿರೋಣ.

ಮಡುವಿನ ಕಳೆಗೆ ಮನಸೋಲುವುದು ಒಳ್ಳೆಯದು. ಹೊಳೆಯನ್ನು ಕಾಯುವ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ. ಅದರೊಡನೆ ಮೀನಿನ ಲೆಕ್ಕವೂ ಇರಬೇಕು. ಈ ಬೇಸಿಗೆ ಮುಗಿಯುವುದರೊಳಗೆ, ಮೊದಲ ಮಳೆಗೆ ಮೀನು ಏರುವ ಮುನ್ನ, ಪ್ರತಿ ಊರಿನಲ್ಲಿ ಅಂತಹ ಒಂದು ಪುಸ್ತಕ ತೆರೆಯಲಿ. ಅದರ ಮೊದಲ ಪುಟದಲ್ಲಿ ಊರಿನ ಹಿರಿಯರು ಹೇಳಿದ ಮಡುಗಳ ಹೆಸರುಗಳಿರಲಿ.